ದೊಡ್ಡದಾದ ದೀಪ

ಸಾತವ್ವನ ಹೊಸ್ತಿಲ ಹಣತೆಗೆ "ದೊಡ್ಡದು" ಎಂಬ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. "ದೀಪ ಆರಿಸು" ಎನ್ನುವುದು ಅಪಶಕುನವೆಂದು ಸಾತವ್ವ ದಿನವೂ ಮಲಗುವ ಮುಂಚೆ ಸೊಸೆಗೆ, "ದೀಪ ದೊಡ್ಡದು ಮಾಡೇ" ಎನ್ನುತ್ತಿದ್ದಳು.

ಒಂದು ಸಂಜೆ ಆಕಾಶದ ಚಂದ್ರ ಹಣತೆಗೆ ಬೀಗುತ್ತಾ ಹೇಳಿದ: "ನೋಡಿದೆಯಾ, ನೆರೆಯ ಕೆಂಪು ನಕ್ಷತ್ರ ಎಷ್ಟು ದೊಡ್ಡದಾಗಿದೆ! ಇನ್ನು ಈ ಸೂರ್ಯನ ಮುಂದೆ ಬೆಳಕಿಗಾಗಿ ಕೈಯೊಡ್ಡುವುದಿಲ್ಲ. ಹಿಡಿದರೆ ದೊಡ್ಡವರನ್ನೇ ಹಿಡಿಯಬೇಕು."

"ಅಯ್ಯಾ, ದೊಡ್ಡ ಒಲೆಗೆ ಸೌದೆ ಬೇಗ ತೀರುತ್ತದೆ," ಎಂದಿತು ಹಣತೆ. "ಅದು ಬೆಳೆದದ್ದಲ್ಲ, ಒಡಲು ಬರಿದಾಗಿ ಊದಿಕೊಂಡದ್ದು. ದೊಡ್ಡದಾಗುವುದೆಂದರೆ ಏನೆಂದು ನನ್ನನ್ನು ಕೇಳು."

"ಅಂಗೈಯಗಲದ ಮಣ್ಣಿಗೆ ಎಷ್ಟು ಹೊಟ್ಟೆಕಿಚ್ಚು!" ಎಂದು ಚಂದ್ರ ನಕ್ಕ.

ನಕ್ಷತ್ರ ಸಿಡಿಯಿತು. ಹಗಲಲ್ಲೂ ಉರಿಯುವ ಆ ಬೆಳಕಿಗೆ ಊರೆಲ್ಲ ಕೈಮುಗಿಯಿತು. ಬೆಳಕಿನ ಜೊತೆ ಬಂದ ಕಾಣದ ಕಿರಣಗಳು ಬಿಸಿಲನ್ನು ಸೋಸುವ ಭೂಮಿಯ ಗಾಳಿಯ ಕೊಡೆಯನ್ನು ಹರಿದವು. ಆಮೇಲೆ ಪೈರನ್ನು ಸುಟ್ಟವನು ನಮ್ಮ ಸೂರ್ಯನೇ. ಹಸಿವಿಗೆ ಸೊಸೆ ಹೋದಳು, ಊರು ಹೋಯಿತು.

ಕೊನೆಯ ಸಂಜೆ ಸಾತವ್ವ ಹಣತೆ ಹಚ್ಚಿ ಗೋಡೆಗೊರಗಿದಳು. ದೊಡ್ಡದು ಮಾಡಲು ಏಳಲಿಲ್ಲ. ಚಂದ್ರ ಎಂದಿನಂತೆ ಸೂರ್ಯನ ಎರವಲು ಬೆಳಕು ಹೊತ್ತು ಬಂದ. ಎಣ್ಣೆ ತೀರುವವರೆಗೂ ಉರಿದ ಹಣತೆ, ದೊಡ್ಡದಾಯಿತೆನ್ನಲು ಒಂದು ಬಾಯೂ ಇಲ್ಲದೆ, ಸುಮ್ಮನೆ ಆರಿತು.