ಓರಗಿತ್ತಿಯ ಹುಳುಮನೆ

ಶಿಷ್ಯ ಮರಿದೇವ ಕೇಳಿದ: "ಗುರುಗಳೇ, ನನ್ನ ಜೊತೆಯವನೊಬ್ಬನ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ಅವನು ಒಮ್ಮೆ ಸೋತರೆ ಸಾಕು, ಈ ಉರಿ ಆರೀತು ಅನಿಸುತ್ತದೆ. ಆರುತ್ತದೆಯೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಕೆಂಪಾಜಮ್ಮ, ಸಿದ್ದಮ್ಮ ಎಂಬ ಇಬ್ಬರು ಓರಗಿತ್ತಿಯರಿದ್ದರು. ಇಬ್ಬರೂ ರೇಷ್ಮೆ ಹುಳು ಸಾಕುತ್ತಿದ್ದರು. ಹಿರಿಯವಳಾದ ಕೆಂಪಾಜಮ್ಮನದು ಇಪ್ಪತ್ತು ವರ್ಷದ ಕಸುಬು. ಸಿದ್ದಮ್ಮ ಮದುವೆಯಾಗಿ ಬಂದ ಮೇಲೆ ಸೊಪ್ಪು ಹೆಚ್ಚುವುದರಿಂದ ಹಿಡಿದು ಎಲ್ಲವನ್ನೂ ಅವಳಿಂದಲೇ ಕಲಿತಳು.

ಮೂರನೆಯ ವರ್ಷ ಸಿದ್ದಮ್ಮನ ಗೂಡು ಹಿರಿಯವಳ ಗೂಡಿಗಿಂತ ಚೆನ್ನಾಗಿ ಬಂತು. ನೂಲು ತೆಗೆಯುವವರು ಅವಳ ಗೂಡನ್ನು ಕೈಯಲ್ಲಿ ಹಿಡಿದು ಅದುಮಿ ನೋಡಿ ಮೆಚ್ಚಿದರು. ಹುಳುವಿನ ಸಂಗತಿ ಕೇಳಲು ಊರವರು ಸಿದ್ದಮ್ಮನ ಬಾಗಿಲಿಗೆ ಹೋಗತೊಡಗಿದರು. ಕೇಳಿದವರಿಗೆಲ್ಲ ಅವಳು, "ನನಗೇನು ಗೊತ್ತು, ಅಕ್ಕ ಕಲಿಸಿದ್ದು" ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕೆಂಪಾಜಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಅವಳು ದಿನವೂ ಸಿದ್ದಮ್ಮನ ಹುಳುಮನೆಗೆ ಹೋಗಿ ನೋಡುವುದನ್ನು ರೂಢಿ ಮಾಡಿಕೊಂಡಳು. ಹುಳುಗಳು ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದು ಎದ್ದಿದ್ದವು. ಇನ್ನೊಂದು ವಾರ ಮೇಯ್ದರೆ ಗೂಡು ಕಟ್ಟುವ ಕಾಲ. ಒಂದು ದಿನ ತಟ್ಟೆಯ ಅಂಚಿನಲ್ಲಿ ನಾಲ್ಕೈದು ಹುಳುಗಳು ಸೊಪ್ಪು ಮುಟ್ಟದೆ ಅಲೆದಾಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಮೈ ಊದಿ ಹಳದಿಗೆ ತಿರುಗಿತ್ತು. ಅದು ಹಾಲುರೋಗ. ಅಂಥ ಹುಳುಗಳನ್ನು ಅಂದೇ ಆರಿಸಿ ಸುಟ್ಟು, ಉಳಿದವುಗಳ ಮೇಲೆ ಸುಣ್ಣದ ಪುಡಿ ಉದುರಿಸಿದರೆ ಬೆಳೆ ಬಹುಪಾಲು ಕೈಗೆ ಸಿಗುತ್ತಿತ್ತು. ಸಿದ್ದಮ್ಮ ಆ ರೋಗವನ್ನು ಹಿಂದೆಂದೂ ಕಂಡಿರಲಿಲ್ಲ.

"ಹೇಗಿವೆ ಅಕ್ಕ?" ಎಂದು ಅವಳು ಕೇಳಿದಳು.

"ಚೆನ್ನಾಗಿವೆ ಕಣೇ" ಎಂದಳು ಕೆಂಪಾಜಮ್ಮ.

ಮನೆಗೆ ಬಂದವಳು ಕೈಕಾಲನ್ನು ಎರಡು ಸಲ ತೊಳೆದುಕೊಂಡು ತನ್ನ ಹುಳುಗಳಿಗೆ ಸೊಪ್ಪು ಹಾಕಿದಳು.

ಐದು ದಿನಗಳಲ್ಲಿ ಸಿದ್ದಮ್ಮನ ತಟ್ಟೆಗಳೆಲ್ಲ ಕೊಳೆತು ನಾರಿದವು. ಒಂದು ಹುಳುವೂ ಗೂಡು ಕಟ್ಟಲಿಲ್ಲ. ಗುಂಡಿ ತೋಡಿ ಎಲ್ಲವನ್ನೂ ತಾನೇ ಹೂತಳು. ಮರುದಿನ ಬೆಳಗ್ಗೆ ಕೆಂಪಾಜಮ್ಮನ ಮನೆಯ ಮುಂದೆ, ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಳು. ಕಣ್ಣು ಬಾತಿದ್ದವು.

"ಒಳಗೆ ಬಾ" ಎಂದಳು ಕೆಂಪಾಜಮ್ಮ.

"ಬೇಡ ಅಕ್ಕ. ನನ್ನ ಬಟ್ಟೆಯಿಂದ ನಿಮ್ಮ ಹುಳಕ್ಕೆ ತಗುಲೀತು. ನನ್ನ ತೋಟದಲ್ಲಿ ಸೊಪ್ಪು ಹಾಗೇ ನಿಂತಿದೆ, ರೋಗ ಕಂಡ ಮೇಲೆ ನಾನು ಅತ್ತ ಕಾಲಿಟ್ಟಿಲ್ಲ. ನಿಮ್ಮ ಆಳುಗಳ ಕೈಲಿ ಕುಯ್ಯಿಸಿಕೊಳ್ಳಿ. ನಿಮ್ಮದಾದರೂ ನಿಲ್ಲಲಿ" ಎಂದು ಹೇಳಿ ಅವಳು ತಿರುಗಿ ಹೋದಳು.

ಆ ಸಲ ಕೆಂಪಾಜಮ್ಮನ ಹುಳುಗಳು ಎರಡು ತೋಟದ ಸೊಪ್ಪು ಮೇಯ್ದವು. ಅಂಥ ಗೂಡು ಆ ಸೀಮೆಯಲ್ಲೇ ಬಂದಿರಲಿಲ್ಲ. ನೂಲಿನವರು ಅವಳ ಬಾಗಿಲಿಗೆ ಬಂದರು, ಊರವರೂ ಬಂದರು. ಅವಳು ಬಯಸಿದ್ದೆಲ್ಲ ಆಯಿತು. ಆದರೆ ಓರಗಿತ್ತಿ ಬೀದಿಯಲ್ಲಿ ಎದುರಾದರೆ ಅವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಸಾಯುವವರೆಗೂ ಉರಿಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರಿದೇವನಿಗೆ ಸಮಾಧಾನವಾಗಲಿಲ್ಲ.

"ಸಿದ್ದಮ್ಮನ ಬೆಳೆಯೆಲ್ಲ ಮಣ್ಣುಪಾಲಾಗಿತ್ತಲ್ಲ, ಗುರುಗಳೇ. ಹೊಟ್ಟೆಕಿಚ್ಚು ಪಡಲು ಅವಳಲ್ಲಿ ಇನ್ನೇನು ಉಳಿದಿತ್ತು?"

"ಹತ್ತು ಹೆಜ್ಜೆ ದೂರ ನಿಂತು ಆಡಿದ ಆ ಮಾತು ತನ್ನ ಬಾಯಲ್ಲಿ ಎಂದೂ ಬರಲಾರದೆಂದು ಹಿರಿಯವಳಿಗೆ ತಿಳಿದುಹೋಗಿತ್ತು" ಎಂದರು ಗುರುಗಳು.