ಅಪ್ಪನ ಹರಿಗೋಲು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಒಂದು ಸಣ್ಣ ಅಚ್ಚುಕೂಟವಿತ್ತು. ಗುರುಗಳು ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಶಿಷ್ಯ ಹುಲಿಗೇಶ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದ.

ಈ ಸಲ ಅವನು ಬರೆದದ್ದು ತನ್ನ ಅಪ್ಪನನ್ನು. ಅದೇ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ ಅಪ್ಪ ಹೋದ ವರ್ಷ ಇದ್ದಕ್ಕಿದ್ದಂತೆ ತೀರಿಕೊಂಡಿದ್ದ. ಒಂದು ಫೋಟೋ ಕೂಡ ಇರಲಿಲ್ಲ. ಪುಸ್ತಕದ ಮೇಲಾದರೂ ಅಪ್ಪ ಉಳಿಯಲಿ ಎಂಬುದು ಮಗನ ಆಸೆ.

ಪುಸ್ತಕದ ಅಳತೆಗೆ ಸರಿಯಾಗಿ ಚಿತ್ರ ಮುಗಿಸಿಕೊಟ್ಟ. ಮಾದರಿ ಪ್ರತಿ ಅಚ್ಚಾಗಿ, ಅಂಚು ಕತ್ತರಿಸಿಕೊಂಡು ಬಂತು. ಚಿತ್ರದ ಹೊಳೆಯ ಪಕ್ಕದಲ್ಲಿ ಒಂದು ಬಿಳಿ ಗೆರೆ ಉಳಿದಿತ್ತು.

“ಕತ್ತಿ ಕೂದಲೆಳೆಯಷ್ಟು ಆಚೆ ಜರುಗೇತಿ. ಬಣ್ಣ ಅಳತಿ ದಾಟಿ ಹೋಗಬೇಕು ಅಂತ ಎಷ್ಟು ಸಲ ಬಡಕೊಂಡೆ!” ಗುರುಗಳು ರೇಗಿದರು.

“ಕತ್ತರಿಸಿ ಒಗೆಯೋದಕ್ಕ ಯಾಕ್ರಿ ಬಣ್ಣ, ಅಜ್ಜಾರ?”

“ಹಚ್ಚು ಅಂದ್ರ ಹಚ್ಚು. ಅಪ್ಪನ್ನೂ ಒಂದೀಟು ಒಳಗ ತಗೋ.”

ಹುಲಿಗೇಶ ಗೊಣಗುತ್ತಲೇ ಸುತ್ತಲೂ ಬೆರಳಗಲ ಹೊಳೆ ಬೆಳೆಸಿದ. ಅಂಚಿನಲ್ಲಿದ್ದ ಹರಿಗೋಲನ್ನು ಮಾತ್ರ ಇದ್ದಲ್ಲೇ ಬಿಟ್ಟ.

ಮತ್ತೊಂದು ಪ್ರತಿ ಬಂತು. ಬಿಳಿ ಗೆರೆ ಇರಲಿಲ್ಲ. ಕತ್ತಿ ಈ ಸಲ ಒಳಗೆ ಜರುಗಿತ್ತು. ಹುಟ್ಟು ಹಿಡಿದ ಅಪ್ಪನ ಕೈಯೇ ಹೋಗಿತ್ತು.

ಹುಲಿಗೇಶನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಕತ್ತರಿಸೋರಿಗೆ ನೆಟ್ಟಗ ಕತ್ತರಿಸಾಕ ಹೇಳ್ರಿ!”

ಗುರುಗಳು ಹಣೆ ಚಚ್ಚಿಕೊಂಡರು. “ಕೋಣನ ಮುಂದ ಕಿನ್ನರಿ ಬಾರಿಸಿದಂಗಾತು. ಅಪ್ಪನ್ನ ಒಂದೀಟು ಒಳಗ ತಗೋ ಅಂತ ಹೇಳಿದ್ದಿಲ್ಲೇನು?”

“ಒಳಗ ತಗೊಂಡ್ರ ಅಂವ ನಮ್ಮಪ್ಪ ಆಗಂಗಿಲ್ರಿ. ನಡುವ ಜನ ಕೂಡಲಿ ಅಂತ ಅಂವ ಯಾವಾಗ್ಲೂ ಅಂಚಿಗೇ ಕೂಡತಿದ್ದ.”

“ಯಾವುದರ ಅಂಚಿಗೆ?”

“ಹರಿಗೋಲಿನ ಅಂಚಿಗೆ.”

“ಮತ್ತ ನೀ ಯಾಕ ಹಾಳಿ ಅಂಚಿಗೆ ಕುಂದರಿಸಿದಿ?”

ಹುಲಿಗೇಶ ಅಳತೆಪಟ್ಟಿ ಕೈಗೆತ್ತಿಕೊಂಡ. ಆದರೂ ಸೋಲೊಪ್ಪಲು ಮನಸ್ಸಿಲ್ಲ.

“ಆಗಲ್ರಿ. ಕತ್ತಿ ಎಷ್ಟು ಜರುಗತೈತಿ ಅಂತ ಸರಿಯಾಗಿ ಹೇಳ್ರಿ. ಹರಿಗೋಲು ಅಷ್ಟೇ ಒಳಗ ತಗೋತೀನಿ.”

ಗುರುಗಳು ಬಗ್ಗಿ, ಕತ್ತರಿಸಿ ಬಿದ್ದ ಚೂರುಗಳ ನಡುವೆ ತಡಕಾಡಿದರು. ಅಪ್ಪನ ಕೈಯಿದ್ದ ಪಟ್ಟಿಯನ್ನು ಹುಡುಕಿ ಶಿಷ್ಯನ ಅಂಗೈಯಲ್ಲಿಟ್ಟರು.

“ಕತ್ತಿ ಯಾವಾಗ ಎಲ್ಲಿ ಬೀಳತೈತಿ ಅಂತ ಗೊತ್ತಿದ್ರ ಹೋದ ವರ್ಷ ನಿಮ್ಮಪ್ಪಗ ಹೇಳತಿದ್ದಿಲ್ಲೇನೋ? ಕತ್ತಿಗೆ ಹೊಳಿ ಕೊಡು. ಅಪ್ಪನ್ನ ಒಳಗ ಕರಕೋ.”