ಪುಸ್ತಕಕ್ಕೆ ಬಾರದ ಫಲಾಹಾರ

"ಹೊತ್ತಿಗೆ ಸರಿಯಾಗಿ ಊಟ ಮಾಡ್ತೀರಿ ತಾನೆ?" ಹೆಂಡತಿ ಕಣ್ಣು ಮುಚ್ಚುವ ಮುನ್ನ ಕೊನೆಗೆ ಕೇಳಿದ್ದು ಅಷ್ಟೇ. ಗುರುಮಲ್ಲಪ್ಪ "ಹೂಂ" ಅಂದಿದ್ದ.

ಆರು ತಿಂಗಳ ಮೇಲೆ ಅವನು ಮಠಕ್ಕೆ ಬಂದು ಸ್ವಾಮಿಗಳ ಮುಂದೆ ಕೂತ.

"ಬುದ್ಧಿ, ಅವಳಿಗೆ ಕೊಟ್ಟ ಮಾತು ತಪ್ಪಿಲ್ಲ. ಮೂರು ಹೊತ್ತೂ ಒಂದು ಬನ್ನು, ಒಂದು ಟೀ. ಊಟ ಆಯ್ತು ಅಂತೀನಿ. ಆದರೂ ಸುಳ್ಳಾಡಿದ ಹಾಗೆ ಮನಸ್ಸು ಕುಟುಕುತ್ತದೆ. ಯಾಕೆ?"

ಸ್ವಾಮಿಗಳು ನಕ್ಕು ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಹೆಂಡ ಮುಟ್ಟಿದವನಲ್ಲ. ಆದರೂ ಅವನ ಲಿವರಿನಲ್ಲಿ ಕೊಬ್ಬು ಕಟ್ಟಿತ್ತು. ಸುದ್ದಿ ತಿಳಿದ ದಿನ ಹೆಂಡತಿಯೇ ಅವನ ಬಾಯಿ ಮೂಸಿ ನೋಡಿದಳು. ಬೀದಿಯವರು ಮೀಸೆಯಡಿ ನಕ್ಕರು. ಅವನಿಗೆ ಕಾಯಿಲೆಗಿಂತ ಮಾನದ ಚಿಂತೆ ಹತ್ತಿತು.

ಆ ಊರಲ್ಲಿ ಒಬ್ಬ ವೈದ್ಯ ಇದನ್ನೇ ಸಂಶೋಧನೆ ಮಾಡುತ್ತಿದ್ದ. ಕುಡಿಯದವರ ಲಿವರಿಗೆ ಕೊಬ್ಬು ಎಲ್ಲಿಂದ ಬಂತು? ನೂರು ಜನಕ್ಕೆ ಒಂದೊಂದು ಪುಸ್ತಕ ಕೊಟ್ಟು, ತಿಂದದ್ದನ್ನೆಲ್ಲ ಬರೆಯಲು ಹೇಳಿದ. ವ್ಯಾಪಾರಿ ನಿಷ್ಠೆಯಿಂದ ಬರೆದ. ಸೋಮವಾರ, ಗುರುವಾರ, ಶನಿವಾರ ರಾತ್ರಿ ಊಟದ ಜಾಗದಲ್ಲಿ ಒಂದೇ ಮಾತು: ಒಪ್ಪತ್ತು.

ಮತ್ತೆ ಪರೀಕ್ಷೆ ಮಾಡಿದಾಗ ಕೊಬ್ಬು ಹೆಚ್ಚಿತ್ತು. ಒಪ್ಪತ್ತು ಮಾಡುವ ಇತರರದೂ ಹಾಗೇ. ಉಪವಾಸವೇ ಲಿವರಿಗೆ ಕೇಡು ಎಂದು ಬರೆಯಲು ವೈದ್ಯ ಕೈಯಲ್ಲಿ ಪೆನ್ನು ಹಿಡಿದ. ಮನಸ್ಸು ಒಪ್ಪಲಿಲ್ಲ. ಒಂದು ಶನಿವಾರ ಸಂಜೆ ವ್ಯಾಪಾರಿಯ ಮನೆಗೇ ಹೋದ.

ವ್ಯಾಪಾರಿಯ ಮುಂದೆ ಗುಡ್ಡೆ ಹಾಕಿದ ಒಗ್ಗರಣೆ ಅವಲಕ್ಕಿ, ತುಪ್ಪ ಸುರಿಯುವ ಕೇಸರಿಬಾತ್, ನಾಲ್ಕು ಬಾಳೆಹಣ್ಣು, ಒಂದು ಚೊಂಬು ಸಕ್ಕರೆ ಹಾಲು.

"ಏನ್ರೀ ಯಜಮಾನ್ರೇ ಇದು?"

"ಫಲಾಹಾರ, ಡಾಕ್ಟ್ರೇ. ಒಪ್ಪತ್ತಲ್ವಾ? ಅನ್ನ ಮುಟ್ಟಲ್ಲ."

"ಪುಸ್ತಕದಲ್ಲಿ ಇದು ಒಂದು ದಿನಾನೂ ಇಲ್ಲವಲ್ಲ!"

"ಊಟ ಮಾಡಿದ್ರೆ ತಾನೆ ಬರೆಯೋದು?"

ವೈದ್ಯ ನಗು ತಡೆಯಲಾರದೆ ಗೋಡೆಗೆ ಒರಗಿದ. ಒಳಗಿಂದ ಹೆಂಡತಿ ನಕ್ಕಳು. ವ್ಯಾಪಾರಿ ತಟ್ಟೆಯನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. "ನೋಡಿದೆಯೇನೇ, ನಾನು ಕುಡುಕನಲ್ಲ!" ಎಂದು ಕೂಗಿ ಕೇಸರಿಬಾತನ್ನು ವೈದ್ಯನ ಕಡೆ ತಳ್ಳಿದ.

ಮಾರನೆಯ ದಿನ ವೈದ್ಯ ನೂರೂ ಪುಸ್ತಕಗಳಲ್ಲಿ ಹೊಸ ಅಂಕಣವೊಂದನ್ನು ಗೆರೆ ಎಳೆದು ಸೇರಿಸಿದ: "ಊಟ ಅಲ್ಲದ್ದು". ಎಲ್ಲರ ಪುಸ್ತಕದಲ್ಲೂ ಮೊದಲು ತುಂಬಿದ್ದು ಅದೇ.

ಗುರುಮಲ್ಲಪ್ಪ ಬಹಳ ದಿನಕ್ಕೆ ಬಾಯಿ ತುಂಬ ನಕ್ಕ. ಸ್ವಾಮಿಗಳು ಹೇಳಿದರು:

"ಅವನು ಊಟವನ್ನು ಉಪವಾಸ ಅಂದ, ನೀನು ಉಪವಾಸವನ್ನು ಊಟ ಅನ್ನುತ್ತಿದ್ದೀಯಲ್ಲಯ್ಯಾ."

ಮರುದಿನ ಬೆಳಿಗ್ಗೆ ಗುರುಮಲ್ಲಪ್ಪ ಪಕ್ಕದ ಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಒಬ್ಬನಿಗೆ ಸಾರು ಮಾಡೋಕೆ ಎಷ್ಟು ಬೇಳೆ ಬೇಕು?" ಎಂದು ಕೇಳಿದ.